ಬೊಗಳುವುದು ನಮ್ಮ ನಾಯಿ, ಕೇಳಿಸುವುದು ಪಕ್ಕದ ಮನೆಗೆ

‘ನಾಯಿ ಬೊಗಳಿದರೆ ದೇವಲೋಕ ಹಾಳೇ?’ ಎಂದು ಗಾದೆ ಕೇಳುತ್ತದೆ. ದೇವಲೋಕದ ವಿಚಾರ ನನಗೆ ತಿಳಿಯದು. ಗೋಡೆಯಾಚೆಯ ಮಲಗುವ ಕೋಣೆ ಮಾತ್ರ ಖಂಡಿತ ಹಾಳಾಗುತ್ತದೆ. ಗಾದೆ ಕಟ್ಟಿದವರ ಮನೆಗೂ ನಾಯಿಯಿದ್ದ ಮನೆಗೂ ನಡುವೆ ಒಂದು ಹೊಲದಷ್ಟಾದರೂ ಅಂತರ ಇದ್ದಿರಬೇಕು.

ನಾನು ಈ ಜಗಳದ ಎರಡೂ ಬದಿಯಲ್ಲಿ ನಿಂತವನು. ಕೆಲವು ವರ್ಷ ಪಕ್ಕದ ಮನೆಯ ನಾಯಿಗೆ ಶಾಪ ಹಾಕುತ್ತ ನಿದ್ದೆಗೆಟ್ಟೆ. ಆಮೇಲೆ ಬೇರೆ ಮನೆಗೆ ಹೋಗಿ ನಾನೇ ಒಂದು ನಾಯಿ ಸಾಕಿದೆ. ಒಂದು ಸಂಜೆ ಅಲ್ಲಿಯ ನೆರೆಯವರು ಬಾಗಿಲಿಗೆ ಬಂದು, ‘ನೀವು ಹೊರಟ ಮೇಲೆ ನಿಮ್ಮ ನಾಯಿ ಒಂದು ಗಂಟೆ ಅಳುತ್ತದೆ’ ಎಂದರು. ನನ್ನ ಬಾಯಿಂದ ಬಂದ ಮೊದಲ ಮಾತು: ‘ನಮ್ಮ ನಾಯಿಯೇ? ಇರಲಾರದು.’ ಹಿಂದೆ ನಾನು ದೂರು ಹೇಳಲು ಹೋದಾಗ ಆ ಮನೆಯ ಯಜಮಾನರು ಹೇಳಿದ್ದೂ ಇದೇ ಮಾತು. ಆಗ ಅವರನ್ನು ಸುಳ್ಳುಗಾರರೆಂದು ಬಗೆದಿದ್ದೆ.

ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಕೇಳಿಸಿರಲಿಲ್ಲ, ಅಷ್ಟೇ. ನಾಯಿ ಹೆಚ್ಚು ಬೊಗಳುವುದು ಮನೆಯವರು ಹೊರಗಿದ್ದಾಗ. ಮನೆಯಲ್ಲಿದ್ದಾಗ ಬೊಗಳಿದರೂ ಸಾಕಿದವರ ಕಿವಿ ಅದಕ್ಕೆ ಒಗ್ಗಿಹೋಗಿರುತ್ತದೆ. ಕೇಳಿಸಿಕೊಳ್ಳುವವರ ಕೈಯಲ್ಲಿ ನಾಯಿಯಿಲ್ಲ. ನಾಯಿ ಯಾರ ಕೈಯಲ್ಲಿದೆಯೋ ಅವರಿಗೆ ಕೇಳಿಸುವುದಿಲ್ಲ. ಈಚೆ ಕೇಳಿಸಿದ್ದನ್ನು ಆಚೆಯವರಿಗೆ, ಅವರ ಮುಖ ಕೆಡದ ಹಾಗೆ, ತಲುಪಿಸಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ನಾಯಿಯ ಜೊತೆ ಮಾಡಬೇಕಾದದ್ದು.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಸಿಟ್ಟು ನೆತ್ತಿಗೇರಿದ ರಾತ್ರಿಯೇ ಹೋಗಿ ಬಾಗಿಲು ಬಡಿಯಬೇಡಿ. ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ಏಳು ದಿನ ಬರೆಯಿರಿ. ಬೊಗಳು ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಸತತವಾಗಿತ್ತೇ ಬಿಟ್ಟು ಬಿಟ್ಟು ಇತ್ತೇ, ಆ ಹೊತ್ತಿನಲ್ಲಿ ಹೊರಗೆ ಏನು ನಡೆಯುತ್ತಿತ್ತು. ನಾಲ್ಕೇ ಕಾಲಂ ಸಾಕು. ‘ಆ ದರಿದ್ರ ಪ್ರಾಣಿ ಮತ್ತೆ ಶುರುಮಾಡಿತು’ ಎಂಬಂಥ ವಾಕ್ಯಗಳನ್ನು ಬರೆಯಬೇಡಿ. ಮುಂದೊಂದು ದಿನ ಈ ಪುಸ್ತಕವನ್ನು ಬೇರೆಯವರಿಗೆ ತೋರಿಸಬೇಕಾಗಬಹುದು. ಮೊಬೈಲಿನಲ್ಲಿ ಎರಡು ಮೂರು ಸಲ, ಒಂದೆರಡು ನಿಮಿಷದಷ್ಟು ಧ್ವನಿ ಮುದ್ರಿಸಿಕೊಳ್ಳಿ. ನಿಮ್ಮ ಕೋಣೆಯೊಳಗೆ ನಿಂತೇ ಮುದ್ರಿಸಿ, ಏಕೆಂದರೆ ನಿಮಗೆ ಎಷ್ಟು ಕೇಳಿಸುತ್ತದೆ ಎಂಬುದೇ ವಿಷಯ. ಆಚೆಮನೆಯ ಕಿಟಕಿಯೊಳಗೆ ಕ್ಯಾಮೆರಾ ತೂರಿಸುವುದು ಬೇಡ.

ಈ ಬರವಣಿಗೆಯಿಂದ ಮೊದಲು ಬದಲಾದವನು ನಾನೇ. ‘ರಾತ್ರಿಯಿಡೀ ಬೊಗಳುತ್ತದೆ’ ಎಂದು ಎಲ್ಲರಲ್ಲೂ ಹೇಳಿಕೊಂಡು ತಿರುಗುತ್ತಿದ್ದೆ. ಬರೆದು ನೋಡಿದರೆ ರಾತ್ರಿ 11.40ರಿಂದ 12.05ರವರೆಗೆ ಒಂದು ಸಲ, ಬೆಳಗಿನ ಜಾವ ಐದರ ಸುಮಾರಿಗೆ ಹತ್ತು ನಿಮಿಷ ಇನ್ನೊಂದು ಸಲ. ನಡುವಿನ ಐದು ಗಂಟೆ ನನ್ನನ್ನು ಎಚ್ಚರವಾಗಿ ಇಟ್ಟದ್ದು ನಾಯಿಯಲ್ಲ, ಈಗ ಮತ್ತೆ ಬೊಗಳುತ್ತದೆ ಎಂಬ ನನ್ನ ಕಾಯುವಿಕೆ. ಅದರಿಂದ ನನ್ನ ದೂರು ಸುಳ್ಳೇನೂ ಆಗಲಿಲ್ಲ. ಎರಡು ನಿಖರವಾದ ಹೊತ್ತುಗಳ ದೂರಾಯಿತು. ‘ಯಾವಾಗಲೂ ಬೊಗಳುತ್ತದೆ’ ಎಂಬುದಕ್ಕೆ ಯಾರೂ ಏನೂ ಮಾಡಲಾರರು. ‘11.40ಕ್ಕೆ ಬೊಗಳುತ್ತದೆ’ ಎಂಬುದಕ್ಕೆ ಕಾರಣ ಹುಡುಕಬಹುದು. ಅಲ್ಲಿ ಕಾರಣ ಎದುರುಮನೆಗೆ ಕೆಲಸ ಮುಗಿಸಿ ಬರುವವರ ಬೈಕ್ ಆಗಿತ್ತು.

ಎರಡನೆಯ ಹೆಜ್ಜೆ: ಯಾವ ಬೊಗಳು ಎಂದು ಕಿವಿಗೊಡಿ

ಬೊಗಳುಗಳೆಲ್ಲ ಒಂದೇ ಎಂದು ನಾವು ತಿಳಿದಿರುತ್ತೇವೆ, ಆದರೆ ನಮ್ಮ ಕಿವಿಗೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಗೊತ್ತು. ಬುಡಾಪೆಸ್ಟಿನ ಎಟ್ವೆಷ್ ಲೊರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಮೂಡಿ ಎಂಬ ಹಂಗೇರಿಯ ಕುರಿಕಾಯುವ ತಳಿಯ ನಾಯಿಗಳ ಬೊಗಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಮುದ್ರಿಸಿ ಜನರಿಗೆ ಕೇಳಿಸಿದರು. ಅಪರಿಚಿತರು ಬಂದಾಗ, ಒಂಟಿಯಾಗಿ ಕಟ್ಟಿಹಾಕಿದಾಗ, ಆಟವಾಡುವಾಗ, ಹೀಗೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೇಳುಗರು, ನಾಯಿ ಸಾಕಿದವರಾಗಲಿ ಸಾಕದವರಾಗಲಿ, ಸಂದರ್ಭವನ್ನು ಬರಿಯ ಊಹೆಗಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಿದರು. ದಪ್ಪ ದನಿಯ, ಒಂದರ ಹಿಂದೊಂದು ಬಿಡುವಿಲ್ಲದೆ ಬರುವ ಬೊಗಳು ಜನರಿಗೆ ಸಿಟ್ಟಿನದಾಗಿ ಕೇಳುತ್ತದೆ. ಕೀರಲು ದನಿಯ, ನಡುನಡುವೆ ಬಿಡುವಿರುವ ಬೊಗಳು ಭಯದ್ದೋ ಹತಾಶೆಯದ್ದೋ ಆಗಿ.

ಆದ್ದರಿಂದ ಪುಸ್ತಕದಲ್ಲಿ ಇದನ್ನೂ ಒಂದು ಮಾತಿನಲ್ಲಿ ಬರೆದುಕೊಳ್ಳಿ. ಗೇಟಿನ ಬಳಿ ಯಾರೋ ಹಾದುಹೋದಾಗ ಶುರುವಾಗಿ, ಅವರು ಮರೆಯಾದೊಡನೆ ನಿಲ್ಲುವುದು ಕಾವಲಿನ ಬೊಗಳು. ಒಂದೇ ರಾಗದಲ್ಲಿ, ಗಡಿಯಾರದ ಹಾಗೆ, ಅರ್ಧ ಗಂಟೆ ಸಾಗುವುದು ಬೇಸರದ್ದು. ಮನೆಯವರು ಹೊರಟ ಸ್ವಲ್ಪ ಹೊತ್ತಿಗೆ ಕುಂಯ್‌ಗುಟ್ಟುತ್ತ ಆರಂಭವಾಗಿ, ಊಳಿಡುವವರೆಗೆ ಹೋಗಿ, ಬಾಗಿಲು ಪರಚುವ ಸದ್ದೂ ಸೇರಿದರೆ ಅದು ಒಂಟಿತನದ ಸಂಕಟ. ಯಜಮಾನರ ಮುಖ ನೋಡುತ್ತ ಚುಟುಕಾಗಿ ಬೊಗಳಿ, ನಿಲ್ಲಿಸಿ, ಮತ್ತೆ ಬೊಗಳುವುದು ‘ಕೊಡು’ ಎಂಬ ಹಟ. ಇದುವರೆಗೆ ಸುಮ್ಮನಿದ್ದ ವಯಸ್ಸಾದ ನಾಯಿ ನಡುರಾತ್ರಿ ಗೋಡೆ ನೋಡಿಕೊಂಡು ಬೊಗಳತೊಡಗಿದರೆ ನೋವು, ಕಿವುಡು ಅಥವಾ ಮುಪ್ಪಿನ ಮರೆವು ಇರಬಹುದು.

‘ಏನೂ ಇಲ್ಲದಿದ್ದರೂ ಬೊಗಳುತ್ತದೆ’ ಎಂಬ ಮಾತನ್ನು ಮಾತ್ರ ನಂಬಬೇಡಿ. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಹಿಡಿಯುತ್ತದೆ. ನಾಯಿಯದ್ದು ಸುಮಾರು 45,000 ಹರ್ಟ್ಸ್‌ವರೆಗೆ. ಗೋಡೆಯೊಳಗಿನ ಇಲಿ, ಕೆಟ್ಟುಹೋದ ಯಾವುದೋ ಯಂತ್ರದ ಕೀರಲು, ಎರಡು ಬೀದಿಯಾಚೆಯ ಇನ್ನೊಂದು ನಾಯಿ, ಇವೆಲ್ಲ ಅದಕ್ಕೆ ‘ಏನೋ’ ಹೌದು.

ಮೂರನೆಯ ಹೆಜ್ಜೆ: ಮಾತು

ಇಲ್ಲಿಯೇ ಹೆಚ್ಚಿನ ನೆರೆಹೊರೆ ಮುರಿಯುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೆಸರಿಲ್ಲದ ಚೀಟಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಬೇಡಿ. ಚೀಟಿ ಸಿಕ್ಕಿದವರು ಬೊಗಳಿನ ಬಗ್ಗೆ ಯೋಚಿಸುವುದಿಲ್ಲ; ಬರೆದವರು ಯಾರಿರಬಹುದು ಎಂದು ಸುತ್ತಲಿನ ಹತ್ತು ಮನೆಗಳ ಮೇಲೂ ಅನುಮಾನ ಪಡುತ್ತಾರೆ. ವಸತಿ ಸಮುಚ್ಚಯದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಕೆಲವರ ನಾಯಿಗಳು’ ಎಂದು ಹಾಕುವುದು ಇದಕ್ಕಿಂತ ಕೆಟ್ಟದ್ದು. ನಾಲ್ಕು ಜನರ ಎದುರು ಮುಖಭಂಗವಾದವರು ನಾಯಿಯ ಪರವಾಗಿ ವಕಾಲತ್ತಿಗೆ ನಿಲ್ಲುತ್ತಾರೆ, ಅದು ಹುಲಿಯಷ್ಟೇ ಗರ್ಜಿಸಿದರೂ.

ಮುಖತಃ ಹೋಗಿ, ಒಬ್ಬರೇ ಹೋಗಿ, ಹಗಲಿನಲ್ಲಿ ಹೋಗಿ. ನಾಯಿ ಬೊಗಳುತ್ತಿರುವ ಹೊತ್ತಿನಲ್ಲಿ ಬೇಡ. ಅವರು ಕೆಲಸಕ್ಕೆ ಓಡುವ ಅವಸರದಲ್ಲಿದ್ದಾಗಲೂ ಬೇಡ. ಮೊದಲ ವಾಕ್ಯ ಹೀಗಿದ್ದರೆ ಚೆನ್ನ: ‘ನಿಮಗೆ ಗೊತ್ತಿರಲಿಕ್ಕಿಲ್ಲ ಎಂದು ಹೇಳಲು ಬಂದೆ. ನೀವು ಹೊರಗೆ ಹೋದಾಗ ನಾಯಿ ತುಂಬ ಹೊತ್ತು ಕೂಗುತ್ತದೆ. ಅದಕ್ಕೇನೋ ತೊಂದರೆ ಇರಬಹುದು ಅನ್ನಿಸಿತು.’ ಇದರಲ್ಲಿ ಆರೋಪವಿಲ್ಲ. ಎದುರಿನವರಿಗೆ ತಪ್ಪೊಪ್ಪಿಕೊಳ್ಳದೆಯೇ ಒಪ್ಪಿಕೊಳ್ಳಲು ದಾರಿಯಿದೆ. ಆಮೇಲೆ ಪುಸ್ತಕ ತೆರೆದು ಹೊತ್ತುಗಳನ್ನು ತೋರಿಸಿ. ಅವರು ಕೇಳಿದರೆ ಮಾತ್ರ ಧ್ವನಿಮುದ್ರಣ ಹಾಕಿ. ‘ಮಗುವಿಗೆ ನಿದ್ದೆಯಿಲ್ಲ’, ‘ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತೇನೆ’ ಎಂದು ನಿಮ್ಮ ಕಷ್ಟವನ್ನು ಒಂದೇ ವಾಕ್ಯದಲ್ಲಿ ಹೇಳಿ. ನಾಯಿಯನ್ನು ಹೇಗೆ ಸಾಕಬೇಕು ಎಂಬ ಪಾಠ ಹೇಳಬೇಡಿ. ಎದ್ದು ಬರುವ ಮುನ್ನ ಫೋನ್ ನಂಬರ್ ಕೊಟ್ಟು, ‘ಮತ್ತೆ ಕೂಗಿದರೆ ನಿಮಗೊಂದು ಸಂದೇಶ ಹಾಕಲೇ?’ ಎಂದು ಕೇಳಿ. ಹೀಗೆ ಒಪ್ಪಿಗೆ ಪಡೆದು ಹಾಕಿದ ಸಂದೇಶ ಮಾಹಿತಿಯಾಗುತ್ತದೆ. ಒಪ್ಪಿಗೆಯಿಲ್ಲದ್ದು ಕಿರುಕುಳವಾಗಿ ಕಾಣುತ್ತದೆ.

ಇನ್ನು ನಾಯಿ ಸಾಕಿದವರಿಗೆ. ಬಾಗಿಲಿಗೆ ಬಂದವರು ಹತ್ತು ಸಲ ಹಿಂದೆಮುಂದೆ ನೋಡಿ ಬಂದಿರುತ್ತಾರೆ. ‘ನಾಯಿ ಎಂದ ಮೇಲೆ ಬೊಗಳುವುದಿಲ್ಲವೇ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ನುಂಗಿಬಿಡಿ. ಮೂರು ಪ್ರಶ್ನೆ ಕೇಳಿ: ಎಷ್ಟು ಹೊತ್ತಿಗೆ? ಎಷ್ಟು ಹೊತ್ತು? ಹೇಗೆ ಕೂಗುತ್ತದೆ? ನಂಬಿಕೆ ಬಾರದಿದ್ದರೆ ವಾದಿಸಬೇಡಿ, ಪರೀಕ್ಷಿಸಿ. ಹಳೆಯ ಮೊಬೈಲನ್ನು ಧ್ವನಿಮುದ್ರಣಕ್ಕೆ ಇಟ್ಟು ಹೊರಗೆ ಹೋಗಿ ಬನ್ನಿ. ನಾನು ಹಾಗೆ ಇಟ್ಟ ದಿನ ಸಂಜೆ ಕುಳಿತು ಕೇಳಿದೆ. ನಾನು ಮೆಟ್ಟಿಲಿಳಿದ ಸದ್ದು, ನಾಲ್ಕು ನಿಮಿಷದ ಮೌನ, ಆಮೇಲೆ 52 ನಿಮಿಷದ ಗೋಳು. ಮರುದಿನ ನೆರೆಯವರ ಮನೆಗೆ ಹೋಗಿ, ‘ನೀವು ಹೇಳಿದ್ದು ನಿಜ. ಸರಿಪಡಿಸಲು ಕೆಲವು ವಾರ ಬೇಕಾಗಬಹುದು’ ಎಂದೆ. ಆ ದಿನ ನಾಯಿ ಒಂದು ನಿಮಿಷವೂ ಕಡಿಮೆ ಬೊಗಳಲಿಲ್ಲ. ಆದರೆ ಅವರು ಆಮೇಲೆ ನಡೆಸಿದ ಮಾತುಕತೆಯ ಧಾಟಿಯೇ ಬೇರೆಯಾಯಿತು.

ನಾಲ್ಕನೆಯ ಹೆಜ್ಜೆ: ಸಾಕಿದವರು ಮಾಡಬೇಕಾದ ಕೆಲಸ

ಮೊದಲು ಪಶುವೈದ್ಯರು. ಬೊಗಳು ಏಕಾಏಕಿ ಹೆಚ್ಚಿದ್ದರೆ, ನಾಯಿಗೆ ವಯಸ್ಸಾಗಿದ್ದರೆ, ತರಬೇತಿಗೆ ಮುನ್ನ ಇದು ಕಡ್ಡಾಯ. ಕೀಲುನೋವು, ಹಲ್ಲುನೋವು, ಕಿವಿಯ ಸೋಂಕುಗಳನ್ನು ತರಬೇತಿಯಿಂದ ಗುಣಪಡಿಸಲಾಗದು.

ಎರಡನೆಯದಾಗಿ ಬೊಗಳಿನ ಕಾರಣವನ್ನೇ ಕಣ್ಣಿನಿಂದ ಮರೆಮಾಡಿ. ಕಾವಲು ಬೊಗಳಿಗೆ ಇದರಷ್ಟು ಅಗ್ಗದ ಮದ್ದಿಲ್ಲ. ಕಿಟಕಿಯ ಕೆಳಭಾಗಕ್ಕೆ ಮಬ್ಬು ಹಾಳೆ ಅಂಟಿಸಿ, ಗೇಟಿನ ಸಂದಿಗೆ ತಗಡು ಹೊಡೆಸಿ, ಸೋಫಾವನ್ನು ಕಿಟಕಿಯಿಂದ ದೂರ ಸರಿಸಿ, ರಾತ್ರಿ ನಾಯಿಯನ್ನು ಬೀದಿಗೆ ದೂರವಾದ ಒಳಕೋಣೆಯಲ್ಲಿ ಮಲಗಿಸಿ. ಇದು ಏಕೆ ಮುಖ್ಯವೆಂದರೆ, ದಾರಿಹೋಕರನ್ನು ಕಂಡು ನಾಯಿ ಬೊಗಳುತ್ತದೆ, ದಾರಿಹೋಕರು ತಮ್ಮ ಪಾಡಿಗೆ ತಾವು ಮುಂದೆ ಹೋಗುತ್ತಾರೆ. ನಾಯಿಯ ಲೆಕ್ಕದಲ್ಲಿ ಓಡಿಸಿದ್ದು ತಾನೇ. ದಿನಕ್ಕೆ ಐವತ್ತು ಸಲ ಗೆಲ್ಲುವ ಯುದ್ಧವನ್ನು ಯಾರು ತಾನೇ ಬಿಡುತ್ತಾರೆ? ಹೊರಗೆ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿಗಂತೂ ಬೇರೆ ಕೆಲಸವೇ ಇಲ್ಲ. ಅದನ್ನು ಒಳಗೆ ತರುವವರೆಗೆ ಮುಂದಿನ ಯಾವ ಸಲಹೆಯೂ ಉಪಯೋಗಕ್ಕೆ ಬರುವುದಿಲ್ಲ.

ಮೂರನೆಯದು, ‘ಸಾಕು’ ಎಂಬ ಮಾತಿನ ಅರ್ಥ ಕಲಿಸುವುದು. ನಾಯಿ ಬೊಗಳಿದಾಗ ಕೂಗಾಡಬೇಡಿ. ನೀವು ‘ಏಯ್! ಸುಮ್ಮನಿರು!’ ಎಂದು ಅರಚಿದರೆ, ಯಜಮಾನರೂ ಜೊತೆಗೆ ಬೊಗಳಲು ಬಂದರು ಎಂದು ಅದು ಹುರುಪುಗೊಳ್ಳುವ ಸಾಧ್ಯತೆಯೇ ಹೆಚ್ಚು. ಹತ್ತಿರ ಹೋಗಿ, ಅದು ನೋಡುತ್ತಿರುವ ಕಡೆಗೆ ನೀವೂ ಒಮ್ಮೆ ನೋಡಿ, ಸಾಮಾನ್ಯ ದನಿಯಲ್ಲಿ ‘ಸಾಕು’ ಎನ್ನಿ, ಅದಕ್ಕೆ ಪ್ರಿಯವಾದ ತಿನಿಸಿನ ಚೂರನ್ನು ಮೂಗಿನ ಬಳಿ ಹಿಡಿಯಿರಿ. ಮೂಸುವ ಮೂಗಿಗೂ ಬೊಗಳುವ ಬಾಯಿಗೂ ಒಟ್ಟಿಗೆ ಕೆಲಸ ಮಾಡುವುದು ಕಷ್ಟ, ಅದು ಸುಮ್ಮನಾಗುತ್ತದೆ. ಎರಡು ಸೆಕೆಂಡಿನ ಮೌನಕ್ಕೆ ಚೂರು ಕೊಡಿ. ಮುಂದೆ ಮೂರು ಸೆಕೆಂಡ್, ಐದು, ಹತ್ತು, ಇಪ್ಪತ್ತು ಎಂದು ಎಳೆಯಿರಿ. ಕೆಲವು ದಿನಗಳ ನಂತರ ಚೂರನ್ನು ತೋರಿಸದೆ ಮಾತು ಮಾತ್ರ ಹೇಳಿ, ಸುಮ್ಮನಾದ ಮೇಲೆ ಜೇಬಿನಿಂದ ತೆಗೆದು ಕೊಡಿ. ಗೊಂದಲವಿಲ್ಲದ ಹೊತ್ತಿನಲ್ಲಿ, ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ ಸಾಕು.

ಕರೆಗಂಟೆಗೆ ಹಾರಿಬೀಳುವ ನಾಯಿಗೆ ಬೇರೆ ದಾರಿ. ನಿಮ್ಮ ಮನೆಯ ಗಂಟೆಯ ಸದ್ದನ್ನೇ ಮೊಬೈಲಿನಲ್ಲಿ ಮುದ್ರಿಸಿಕೊಂಡು, ಅದು ಕಿವಿ ನಿಮಿರಿಸಿ ಸುಮ್ಮನಿರುವಷ್ಟು ಸಣ್ಣ ದನಿಯಲ್ಲಿ ಹಾಕಿ, ಪ್ರತಿ ಸಲವೂ ತಿನಿಸು ಕೊಡಿ. ಗಂಟೆ ಮೊದಲು, ತಿನಿಸು ಆಮೇಲೆ. ಈ ಕ್ರಮ ತಪ್ಪಬಾರದು. ರಷ್ಯಾದ ಇವಾನ್ ಪಾವ್‌ಲೋವ್ ತಮ್ಮ ಪ್ರಯೋಗಶಾಲೆಯ ನಾಯಿಗಳಲ್ಲಿ ಕಂಡುಕೊಂಡದ್ದೂ ಇದನ್ನೇ: ಆಹಾರಕ್ಕೆ ಮುನ್ನ ಪ್ರತಿ ಸಲ ಒಂದೇ ಸದ್ದು ಕೇಳಿಸಿದರೆ, ಕ್ರಮೇಣ ಆ ಸದ್ದಿಗೇ ಜೊಲ್ಲು ಸುರಿಯುತ್ತದೆ. ದಿನದಿಂದ ದಿನಕ್ಕೆ ದನಿ ಸ್ವಲ್ಪ ಸ್ವಲ್ಪವೇ ಏರಿಸಿ. ಬೊಗಳಿತೇ? ಏರಿಸಿದ್ದು ಹೆಚ್ಚಾಯಿತು, ಒಂದು ಮೆಟ್ಟಿಲು ಇಳಿಯಿರಿ.

ಹಟದ ಬೊಗಳಿಗೆ ಸಲಹೆ ಹೇಳುವುದು ಸುಲಭ, ಪಾಲಿಸುವುದು ಘೋರ: ಬೊಗಳಿದಾಗ ಕೊಡಬೇಡಿ. ನೋಡಬೇಡಿ, ಮಾತನಾಡಿಸಬೇಡಿ, ಗದರಿಸಲೂ ಬೇಡಿ. ಸುಮ್ಮನಾದ ಕ್ಷಣದಲ್ಲಿ ಕೊಡಿ. ಇಲ್ಲಿ ಎರಡು ಸಂಗತಿ ನೆನಪಿಡಬೇಕು. ಆರುವ ಮುನ್ನ ದೀಪ ಜೋರಾಗಿ ಉರಿಯುವಂತೆ, ಇಷ್ಟು ದಿನ ಫಲ ಕೊಡುತ್ತಿದ್ದ ಬೊಗಳು ಫಲ ಕೊಡುವುದನ್ನು ನಿಲ್ಲಿಸಿದಾಗ ಮೊದಲು ಕೆಲವು ದಿನ ಇನ್ನೂ ಹೆಚ್ಚುತ್ತದೆ. ಅದನ್ನು ಪಕ್ಕದ ಮನೆಯವರಿಗೆ ಮುಂಚಿತವಾಗಿಯೇ ತಿಳಿಸಿ, ಇಲ್ಲದಿದ್ದರೆ ನೀವು ಏನೂ ಮಾಡುತ್ತಿಲ್ಲ ಎಂದೇ ಅವರು ತಿಳಿಯುತ್ತಾರೆ. ಎರಡನೆಯದು, ಒಂಬತ್ತು ಸಲ ತಡೆದು ಹತ್ತನೆಯ ಸಲ ಸೋತು ಕೊಟ್ಟರೆ ಮೊದಲಿಗಿಂತ ಕೆಡುಕು. ಯಾವಾಗಲೋ ಒಮ್ಮೆ ಸಿಗುವ ಬಹುಮಾನಕ್ಕೆ ಅಂಟಿದ ಅಭ್ಯಾಸ ಅಳಿಸುವುದು ಬಲು ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ತೋರಿಸಿದ ಈ ಸಂಗತಿಯ ಮೇಲೆಯೇ ಜೂಜಿನ ಯಂತ್ರಗಳೂ ನಿಂತಿವೆ. ನಿಮ್ಮ ಮನೆಯ ಹತ್ತನೆಯ ಸಲ ಸಾಮಾನ್ಯವಾಗಿ ಅಜ್ಜಿಯ ಕೈಯಲ್ಲಿ ನಡೆಯುತ್ತದೆ. ಅವರನ್ನು ಮೊದಲು ಒಪ್ಪಿಸಿ.

ಒಂಟಿತನದ ಸಂಕಟ ಇವೆಲ್ಲಕ್ಕಿಂತ ಬೇರೆ. ನೆರೆಹೊರೆಯ ದೂರುಗಳಲ್ಲಿ ಅತಿ ಕಠಿಣವಾದದ್ದು ಇದೇ. ಇಲ್ಲಿ ನಾಯಿ ಹಟಮಾಡುತ್ತಿಲ್ಲ, ಹೆದರಿದೆ. ಹೆದರಿದ ಪ್ರಾಣಿಯನ್ನು ‘ಅಳಲಿ ಬಿಡಿ, ತಾನೇ ಸುಮ್ಮನಾಗುತ್ತದೆ’ ಎಂದು ಬಿಟ್ಟರೆ ಭಯ ಗಟ್ಟಿಯಾಗುತ್ತದೆ. ಗುರುತು ಸಾಮಾನ್ಯವಾಗಿ ನೀವು ಹೊರಟ ಮೊದಲ ಅರ್ಧ ಗಂಟೆಯೊಳಗೇ ಸಿಗುತ್ತದೆ: ಅಡ್ಡಾಡುವುದು, ಜೊಲ್ಲು, ಬಾಗಿಲು ಪರಚುವುದು, ಇಟ್ಟ ತಿನಿಸನ್ನು ಮುಟ್ಟದಿರುವುದು.

ಚಿಕಿತ್ಸೆಯ ತಿರುಳು, ಅದು ಹೆದರುವ ಮುನ್ನವೇ ಮರಳಿ ಬರುವುದು. ನೀವು ಬೀಗದ ಕೈ ಎತ್ತಿಕೊಂಡ ತಕ್ಷಣ ನಾಯಿಗೆ ಗಾಬರಿ ಶುರುವಾಗುವುದಾದರೆ ಆರಂಭ ಅಲ್ಲಿಂದಲೇ. ಬೀಗದ ಕೈ ಎತ್ತಿಕೊಂಡು ಕುರ್ಚಿಯಲ್ಲಿ ಕುಳಿತುಬಿಡಿ. ಚಪ್ಪಲಿ ಮೆಟ್ಟಿ ಅಡುಗೆಮನೆಗೆ ಹೋಗಿ. ಈ ಸೂಚನೆಗಳು ಅರ್ಥ ಕಳೆದುಕೊಂಡ ಮೇಲೆ ಬಾಗಿಲಾಚೆ ಹೋಗಿ ಐದು ಸೆಕೆಂಡಿಗೆ ಹಿಂದಿರುಗಿ. ಆಮೇಲೆ ಹದಿನೈದು ಸೆಕೆಂಡ್, ಮೂವತ್ತು, ಒಂದು ನಿಮಿಷ. ನಡುನಡುವೆ ಮತ್ತೆ ಹತ್ತು ಸೆಕೆಂಡಿಗೆ ಇಳಿಸಿ, ಪ್ರತಿ ಸಲವೂ ಹೆಚ್ಚುತ್ತಲೇ ಹೋದರೆ ಅದಕ್ಕೆ ಲೆಕ್ಕ ತಿಳಿದುಬಿಡುತ್ತದೆ. ಕ್ಯಾಮೆರಾ ಇಟ್ಟು ನೋಡುತ್ತಿರಿ. ಹೋಗುವಾಗ ದೊಡ್ಡ ಬೀಳ್ಕೊಡುಗೆ ಬೇಡ, ಬಂದಾಗ ಉತ್ಸವವೂ ಬೇಡ. ಐದು ನಿಮಿಷ ದಾಟಲು ನಮಗೆ ಮೂರು ವಾರ ಹಿಡಿಯಿತು, ಅರ್ಧ ಗಂಟೆಯಾದ ಮೇಲೆ ಮುಂದಿನದು ಬೇಗ ಬೇಗ ಸಾಗಿತು. ಈ ಅವಧಿಯಲ್ಲಿ ಅದನ್ನು ಇಡೀ ದಿನ ಒಂಟಿಯಾಗಿ ಬಿಟ್ಟರೆ ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ಕುಸಿಯುತ್ತದೆ. ಆದ್ದರಿಂದ ನೆಂಟರೋ ಸ್ನೇಹಿತರೋ ನಾಯಿ ನೋಡಿಕೊಳ್ಳುವ ಕೇಂದ್ರವೋ ಬೇಕಾಗುತ್ತದೆ. ವಿಚಿತ್ರವೆಂದರೆ ಮಧ್ಯಾಹ್ನದ ಹೊತ್ತು ನಮ್ಮ ನಾಯಿಯನ್ನು ತಮ್ಮಲ್ಲಿಟ್ಟುಕೊಳ್ಳಲು ಮುಂದೆ ಬಂದವರು ದೂರು ಹೇಳಿದ ನೆರೆಯವರೇ. ‘ಹೇಗೂ ಕೇಳಿಸಿಕೊಳ್ಳುತ್ತೇನೆ, ಎದುರಿಗಿದ್ದರೆ ಸುಮ್ಮನಾದರೂ ಇರುತ್ತದೆ’ ಎಂದರು.

ಸಂಕಟ ತೀವ್ರವಾಗಿದ್ದರೆ ಔಷಧವೂ ಇದೆ. ಫ್ಲುಆಕ್ಸೆಟೀನ್, ಕ್ಲೋಮಿಪ್ರಮೀನ್‌ನಂಥ ಔಷಧಗಳನ್ನು ಪಶುವೈದ್ಯರು ತರಬೇತಿಯ ಜೊತೆಗೆ ಬರೆದುಕೊಡುತ್ತಾರೆ. ಗುಣ ಕಾಣಲು ವಾರಗಳೇ ಬೇಕು. ಮನುಷ್ಯರ ಮಾತ್ರೆಯನ್ನು ಮುರಿದು ಕೊಡುವ ಸಾಹಸ ಬೇಡ.

ಬೇಸರದ ಬೊಗಳಿಗೆ ಓಡಿಸಿ ಸುಸ್ತುಮಾಡುವುದೊಂದೇ ದಾರಿಯಲ್ಲ. ಮೂಸಲು ಬಿಡಿ. ಇಪ್ಪತ್ತು ನಿಮಿಷ ತನಗೆ ಬೇಕಾದ ಕಂಬ, ಪೊದೆಗಳನ್ನೆಲ್ಲ ಮೂಸಿ ಬಂದ ನಾಯಿ, ಸರಸರನೆ ಎಳೆದೊಯ್ದು ತಂದ ನಾಯಿಗಿಂತ ಗಾಢವಾಗಿ ಮಲಗುವುದನ್ನು ನೋಡಿದ್ದೇನೆ. ಊಟವನ್ನು ತಟ್ಟೆಯಲ್ಲಿ ಸುರಿಯುವ ಬದಲು ಹಳೆಯ ಬಟ್ಟೆಯ ಮಡಿಕೆಗಳಲ್ಲಿ ಅಡಗಿಸಿ ಹುಡುಕಲು ಬಿಡಿ.

ಮಾಡಬಾರದ ಕೆಲಸಗಳು

ಬೊಗಳಿದರೆ ಶಾಕ್ ಹೊಡೆಯುವ ಕೊರಳಪಟ್ಟಿ ಸಿಗುತ್ತದೆ. ಅದು ಕೆಲವು ಸಲ ಸದ್ದನ್ನು ನಿಲ್ಲಿಸುತ್ತದೆ, ಕಾರಣವನ್ನಲ್ಲ. ಗೇಟಿನಾಚೆ ಮಗುವನ್ನು ನೋಡಿ ಬೊಗಳಿದಾಗ ನೋವಾದರೆ, ನೋವು ಕೊಟ್ಟದ್ದು ಮಗುವೇ ಎಂದು ನಾಯಿ ತಿಳಿಯಬಹುದು; ಬೊಗಳುವುದನ್ನು ಬಿಟ್ಟು ನೇರವಾಗಿ ಕಚ್ಚಲು ಹೋಗಬಹುದು. ವೇಲ್ಸ್ 2010ರಲ್ಲಿಯೇ ಇಂಥ ಪಟ್ಟಿಗಳನ್ನು ನಿಷೇಧಿಸಿತು. ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿ ದನಿ ಅಡಗಿಸುವುದಂತೂ ಹಿಂಸೆ. ಸಾಕುಪ್ರಾಣಿಗಳ ರಕ್ಷಣೆಗಾಗಿ 1987ರಲ್ಲಿ ಆದ ಯುರೋಪಿನ ಒಡಂಬಡಿಕೆ, ಚಿಕಿತ್ಸೆಯ ಉದ್ದೇಶವಿಲ್ಲದೆ ಹಾಗೆ ಮಾಡುವುದನ್ನು ಕೂಡದು ಎನ್ನುತ್ತದೆ. ಬೊಗಳು ತಡೆಯಲೆಂದು ಗಂಟೆಗಟ್ಟಲೆ ಬಾಯಿ ಕಟ್ಟುವುದೂ ಬೇಡ: ನಾಯಿ ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ಬಾಯಿ ತೆರೆದು ಏದುಸಿರು ಬಿಡುವ ಮೂಲಕ. ಬಾಯಿ ಬಿಗಿದರೆ ಸೆಕೆಯಲ್ಲಿ ಪ್ರಾಣಕ್ಕೇ ಅಪಾಯ.

ನೆರೆಯವರಿಗೂ ಎರಡು ಮಾತು. ಗೋಡೆಯಾಚೆಯಿಂದ ಕಲ್ಲು, ನೀರು, ಪಟಾಕಿ ಎಸೆಯುವುದು, ತಿರುಗಿ ಬೊಗಳಿ ಅಣಕಿಸುವುದು, ಇವೆಲ್ಲ ನಾಯಿಗೆ ‘ಈ ಗೋಡೆಯಾಚೆ ಶತ್ರು ಇದ್ದಾನೆ’ ಎಂದು ಖಾತ್ರಿ ಕೊಡುತ್ತವೆ. ವಿಷ ಹಾಕುತ್ತೇನೆ ಎಂಬ ಮಾತು ತಮಾಷೆಗೂ ಬಾಯಿಗೆ ಬರಬಾರದು. ಆಮೇಲೆ ಆ ನಾಯಿ ಅಜೀರ್ಣದಿಂದ ಮಲಗಿದರೂ ಎಲ್ಲರ ಕಣ್ಣು ನಿಮ್ಮ ಮೇಲೆ.

ಅಷ್ಟರವರೆಗೆ ನಿದ್ದೆಗೇನು ಮಾಡುವುದು

ತರಬೇತಿಗೆ ವಾರಗಳು ಬೇಕು, ನಿದ್ದೆ ಇಂದೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮನೆಯ ಹೊರಗಿನ ರಾತ್ರಿಯ ಸರಾಸರಿ ಸದ್ದು 40 ಡೆಸಿಬಲ್ ಮೀರದಿದ್ದರೆ ಒಳ್ಳೆಯದು ಎಂದಿತು. ಇತ್ತ ಗಿನ್ನೆಸ್ ದಾಖಲೆಯ ಅತಿ ಜೋರಾದ ಒಂಟಿ ಬೊಗಳು 113.1 ಡೆಸಿಬಲ್, ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 2012ರಲ್ಲಿ ಚಾರ್ಲಿ ಎಂಬ ಗೋಲ್ಡನ್ ರಿಟ್ರೀವರ್ ಬೊಗಳಿದ್ದು. ನಿಮ್ಮ ನೆರೆಯ ನಾಯಿ ಚಾರ್ಲಿಯಲ್ಲ ಎಂಬುದೇ ಸಮಾಧಾನ.

ಬಯಲಿನಲ್ಲಿ ಸದ್ದಿನ ಮೂಲದಿಂದ ದೂರ ಎರಡು ಪಟ್ಟಾದಾಗ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದ್ದರಿಂದ ಮಂಚವನ್ನು ಆಚೆಬದಿಯ ಕೋಣೆಗೆ ಸಾಗಿಸುವುದು ಮೊದಲ ಉಪಾಯ, ಖರ್ಚಿಲ್ಲದ್ದು. ಎರಡನೆಯದು ಸಂದಿಗಳು. ಗಾಳಿ ನುಗ್ಗುವಲ್ಲೆಲ್ಲ ಸದ್ದು ನುಗ್ಗುತ್ತದೆ. ಕಿಟಕಿಯ ಚೌಕಟ್ಟಿಗೆ ರಬ್ಬರ್ ಪಟ್ಟಿ, ಬಾಗಿಲ ಕೆಳಗೆ ಬ್ರಷ್ ಪಟ್ಟಿ ಹಾಕಿ. ದಪ್ಪ ಪರದೆ ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸುತ್ತದೆ, ಹೊರಗಿನ ಬೊಗಳನ್ನು ಅಷ್ಟಾಗಿ ತಡೆಯದು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ ಮೋಸಹೋದವರಲ್ಲಿ ನಾನೂ ಒಬ್ಬ. ಸದ್ದನ್ನು ತಡೆಯಲು ತೂಕ ಬೇಕು, ಅದರಲ್ಲಿ ತೂಕವೇ ಇಲ್ಲ. ಫ್ಯಾನಿನ ಏಕತಾನದ ಮೊರೆತ ನಿಜಕ್ಕೂ ಉಪಕಾರಿ. ನಿದ್ದೆಗೆಡಿಸುವುದು ಬೊಗಳಿನ ಜೋರಿಗಿಂತ ಮೌನದ ನಡುವೆ ಅದು ಧುತ್ತೆಂದು ಏಳುವ ರೀತಿ. ಹಿನ್ನೆಲೆಯಲ್ಲಿ ಸಮನಾದ ಸದ್ದಿದ್ದರೆ ಆ ಏರು ಅಷ್ಟು ಕಡಿದಾಗಿರುವುದಿಲ್ಲ.

ಯಜಮಾನರ ಒಪ್ಪಿಗೆಯಿದ್ದರೆ ನಾಯಿಯ ಪರಿಚಯ ಮಾಡಿಕೊಳ್ಳಿ. ಅವರ ಸಮ್ಮುಖದಲ್ಲಿ, ನೇರ ದಿಟ್ಟಿಸದೆ, ಪಕ್ಕಕ್ಕೆ ತಿರುಗಿ ನಿಂತು, ಅವರೇ ಕೊಟ್ಟ ತಿನಿಸನ್ನು ನೆಲಕ್ಕೆ ಹಾಕಿ. ಕೇಳದೆ ಏನನ್ನೂ ಎಸೆಯಬೇಡಿ, ಅದಕ್ಕೆ ಪಥ್ಯವೋ ಅಲರ್ಜಿಯೋ ಇರಬಹುದು. ನಿಮ್ಮ ಹೆಜ್ಜೆಯ ಸದ್ದು ಪರಿಚಿತವಾದರೆ ಕಡೆಯ ಪಕ್ಷ ನಿಮಗಾಗಿ ಬೊಗಳುವುದಾದರೂ ನಿಲ್ಲುತ್ತದೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಮಾತ್ರ ಇಲ್ಲಿ ನೆಚ್ಚಬೇಡಿ, ಅದು ನಾಯಿಗೆ ಗೊತ್ತಿರುವುದಿಲ್ಲ.

ಮಾತಿಗೆ ಬಗ್ಗದಿದ್ದರೆ

ಎರಡು ಸಲ ಮುಖತಃ ಮಾತನಾಡಿ, ನಾಲ್ಕಾರು ವಾರ ಕಾದೂ ಬದಲಾವಣೆ ಕಾಣದಿದ್ದರೆ ಒಂದು ಪತ್ರ ಬರೆಯಿರಿ. ಹೆಸರು, ದಿನಾಂಕ ಹಾಕಿ, ಹೊತ್ತುಗಳ ಪಟ್ಟಿ ಲಗತ್ತಿಸಿ, ನಿಮಗೆ ಏನು ಬೇಕೆಂದು ಖಚಿತವಾಗಿ ಕೇಳಿ. ‘ನಾಯಿಯನ್ನು ಸುಮ್ಮನಿರಿಸಿ’ ಎನ್ನುವುದಕ್ಕಿಂತ ‘ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಒಳಗೆ ಮಲಗಿಸಿ’ ಎಂಬ ಬೇಡಿಕೆ ಈಡೇರುವ ಸಂಭವ ಹೆಚ್ಚು. ಆಮೇಲೆ ಇಬ್ಬರೂ ಗೌರವಿಸುವ ಮೂರನೆಯವರು, ನಿವಾಸಿಗಳ ಸಂಘ ಅಥವಾ ಬಾಡಿಗೆ ಮನೆಯಾದರೆ ಮನೆಯ ಮಾಲೀಕರು. ಕೊನೆಗೆ ಸ್ಥಳೀಯ ಆಡಳಿತ. ಸದ್ದು ಮತ್ತು ಸಾಕುಪ್ರಾಣಿಗಳ ನಿಯಮ ಒಂದೊಂದು ಊರಿಗೂ ಬೇರೆ, ಹೋಗುವ ಮುನ್ನ ಓದಿಕೊಂಡು ಹೋಗಿ. ಅಲ್ಲಿ ನಿಮ್ಮ ಕೋಪಕ್ಕೆ ಬೆಲೆಯಿಲ್ಲ, ನೋಟ್‌ಬುಕ್ಕಿಗೆ ಇದೆ. ಒಂದೇ ಅಪವಾದ: ನಾಯಿಗೆ ನೀರಿಲ್ಲ, ನೆರಳಿಲ್ಲ, ದಿನಗಟ್ಟಲೆ ಕಟ್ಟಿಹಾಕಿದ್ದಾರೆ ಎಂದು ಕಂಡರೆ ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು ಪ್ರಾಣಿದಯಾ ಸಂಸ್ಥೆಗೆ ಅಂದೇ ತಿಳಿಸಿ.

ಇನ್ನೂ ನಾಯಿ ತಂದಿಲ್ಲದವರಿಗೆ ಸಣ್ಣದೊಂದು ಕಿವಿಮಾತು. ಬೀಗಲ್, ಟೆರಿಯರ್ ಮುಂತಾದ ಬೇಟೆಯ ತಳಿಗಳನ್ನು ದನಿಗಾಗಿಯೂ ಆರಿಸಿ ಬೆಳೆಸಲಾಗಿದೆ, ಒಂದೇ ಗೋಡೆ ಹಂಚಿಕೊಂಡ ಮನೆಗೆ ಅವು ತಕ್ಕವಲ್ಲ. ಮಧ್ಯ ಆಫ್ರಿಕಾದ ಬಸೆಂಜಿ ಉಳಿದ ನಾಯಿಗಳಂತೆ ಬೊಗಳುವುದಿಲ್ಲ ಎಂದು ಹಿಗ್ಗಬೇಡಿ. ಅದು ರಾಗ ಎಳೆಯುತ್ತದೆ. ಮರಿ ತಂದರೆ ಸುಮಾರು 3ರಿಂದ 12 ವಾರಗಳ ವಯಸ್ಸು ಅತ್ಯಂತ ಮುಖ್ಯ. ಆಗ ಜನ, ಮಕ್ಕಳು, ವಾಹನ, ಗಂಟೆಯ ಸದ್ದು ಎಲ್ಲವನ್ನೂ ಹಿತವಾಗಿ ಪರಿಚಯಿಸಿದರೆ ಮುಂದೆ ಅವನ್ನು ಕಂಡು ಬೊಗಳಲು ಕಾರಣ ಕಡಿಮೆ. ಮರಿ ಮನೆಗೆ ಬಂದ ವಾರವೇ ಅಕ್ಕಪಕ್ಕದವರಿಗೆ ತೋರಿಸಿ, ‘ಸದ್ದು ಹೆಚ್ಚಾದರೆ ನನಗೇ ಹೇಳಿ’ ಎಂದು ನೀವೇ ಮೊದಲು ನಂಬರ್ ಕೊಡಿ.

ತಿಂಗಳಿಗೊಮ್ಮೆ ಎರಡೂ ಮನೆಯವರು ಪುಸ್ತಕ ತೆರೆದು ಹಳೆಯ ವಾರದ ಪಕ್ಕದಲ್ಲಿ ಹೊಸ ವಾರವನ್ನು ಇಟ್ಟು ನೋಡಿ. ಇಳಿಕೆ ನಿಧಾನವಾಗಿ ಆಗುವುದರಿಂದ ಬರಹವಿಲ್ಲದೆ ಅದು ಯಾರಿಗೂ ಕಾಣುವುದಿಲ್ಲ. ನಮ್ಮ ನೆರೆಯವರು ಇಟ್ಟಿದ್ದ ಪುಸ್ತಕ ಈಗ ನನ್ನ ಬಳಿಯಿದೆ. ಮೊದಲ ಪುಟದಲ್ಲಿ ‘9.14ರಿಂದ 10.06, ಬಿಡುವಿಲ್ಲದೆ’ ಎಂದಿದೆ. ನಾಲ್ಕು ತಿಂಗಳ ನಂತರದ ಕೊನೆಯ ಪುಟದಲ್ಲಿ ಇರುವುದು ಒಂದೇ ಸಾಲು: ‘11.20, ಎರಡು ಸಲ. ಕಿಟಕಿಯ ಮೇಲೆ ಬೆಕ್ಕು ಕುಳಿತಿತ್ತು, ನಾನೇ ಓಡಿಸಿದೆ.’